ಮಿದುಳಿಗೆ ಮರುತರಬೇತಿ: ಅಡ್ಮಿಟ್ ಆಗೂದಾ, ವಾರವಾರ ಓಡಾಡೂದಾ, ಮನೇಲೇ ಸಾಕಾ? ಯಾರಿಗೆ ಯಾವ್ದು ನಾಟ್ತದೆ

ಮಾವನಿಗೆ ಲಕ್ವಾ ಹೊಡೆದು ಎರಡು ವರ್ಷದ ಮೇಲಾಯ್ತು. ಅವತ್ತಿಂದ ಶಿರಸಿ ಸುತ್ತಮುತ್ತ ನಮ್ಮ ಬಳಗದಲ್ಲಿ ಯಾರಿಗೆ ಸ್ಟ್ರೋಕ್ ಆದ್ರೂ, ಯಾರ ಮನೆ ಹುಡುಗ ಬೈಕಿಂದ ಬಿದ್ದು ತಲೆಗೆ ಪೆಟ್ಟು ಮಾಡ್ಕೊಂಡ್ರೂ ನಂಗೊಂದು ಫೋನ್ ಬರೂದು ಗ್ಯಾರಂಟಿ. ಕೈಕಾಲು ಸರಿಯಾಗ್ತಾ ಬಂತು, ಆದ್ರೆ ನೆನಪಿಲ್ಲ, ಗಮನ ಇಲ್ಲ, ಒಂದು ಕೆಲಸ ಹಿಡಿದ್ರೆ ಮುಗಿಸೂದಿಲ್ಲ, ಡಾಕ್ಟ್ರು ಕಾಗ್ನಿಟಿವ್ ರಿಹ್ಯಾಬ್ (ನೆನಪು, ಗಮನ, ಯೋಚನೆಗೆ ಮರುತರಬೇತಿ) ಮಾಡ್ಸಿ ಅಂದಿದಾರೆ, ಮಣಿಪಾಲಕ್ಕೆ ಹೋಗೂದಾ ಹುಬ್ಬಳ್ಳಿ ಸಾಕಾ, ಮೊಬೈಲಲ್ಲಿ ಎಂತದೋ ಆ್ಯಪ್ ಬರ್ತದಂತಲ್ಲ ಅದು ಆಗ್ತದಾ, ಇಷ್ಟೇ ಪ್ರಶ್ನೆ. ನಾನು ಡಾಕ್ಟರೂ ಅಲ್ಲ ಸೈಕಾಲಜಿಸ್ಟೂ ಅಲ್ಲ, ಮನೇಲಿ ಜೊತೆಗೆ ಕೂತವಳು, ಜೊತೆಗೆ ರಾತ್ರಿ ನಿದ್ದೆ ಬರದಾಗ ಓದಿದವಳು. ಹಂಗಾಗಿ ಒಂದ್ಸಲ ಕೂತು ಬರೆದೇ ಬಿಡೂದು ಅಂತ.

ಮೊದಲೇ ಹೇಳ್ಬಿಡ್ತೆ, ಎಲ್ರೂ ಆಸ್ಪತ್ರೆ ಯಾವ್ದು ಅಂತ ಕೇಳ್ತಾರೆ, ರೋಗಿ ಹೆಂಗಿದಾರೆ ಅಂತ ನಾನು ತಿರುಗಿ ಕೇಳಿದ್ರೆ ಬೇಜಾರು ಮಾಡ್ಕೊಳ್ತಾರೆ. ಆದ್ರೆ ಒಂದೇ ಥೆರಪಿ ಒಬ್ರಿಗೆ ನಾಟ್ತದೆ ಇನ್ನೊಬ್ರಿಗೆ ನಾಟೂದಿಲ್ಲ, ಅದು ಎಂತಕ್ಕೆ ಅಂತ ಗೊತ್ತಿಲ್ದೆ ಆಯ್ಕೆ ಮಾಡಿದ್ರೆ ದುಡ್ಡೂ ಹೋಗ್ತದೆ, ಅದಕ್ಕಿಂತ ಹೆಚ್ಚಾಗಿ ಮೊದಲ ಆರು ತಿಂಗಳು ಹೋಗ್ತದೆ. ಸ್ಟ್ರೋಕ್ ಆದ್ಮೇಲೆ ಮೊದಲ ಮೂರು ತಿಂಗಳಲ್ಲಿ ಸುಧಾರಣೆ ಜೋರಾಗಿರ್ತದೆ, ಆಮೇಲೆ ನಿಧಾನ ಆಗ್ತದೆ (ನಿಂತು ಹೋಗ್ತದೆ ಅಂತ ಅಲ್ಲ, ವರ್ಷ ಕಳೆದ ಮೇಲೂ ಕಲೀತಾರೆ).

ತನ್ನ ತೊಂದರೆಯ ಅರಿವು ಇದೆಯಾ ಇಲ್ವಾ

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ಇದು. ಮಾವನಿಗೆ ಮಿದುಳಿನ ಬಲಗಡೆ ಸ್ಟ್ರೋಕ್ ಆಗಿದ್ದು. ಮನೆಗೆ ಬಂದು ಒಂದು ತಿಂಗಳಾದ್ಮೇಲೆ ಜಗಲಿ ಮೇಲೆ ಗೋಣಿ ಹಾಸಿ, ಸುಲಿದ ಅಡಕೆ ಒಂದಿಷ್ಟು ಸುರಿದು ಕೊಟ್ವಿ, ನಲವತ್ತು ವರ್ಷ ಮಾಡಿದ ಕೆಲಸ ಅಲ್ದಾ, ಚಾಲಿ ಬೇರೆ, ಕೆಂಪುಗೋಟು ಬೇರೆ, ಬಿಳೆಗೋಟು ಬೇರೆ ಮಾಡೂದು ಅವರಿಗೆ ಕಣ್ಮುಚ್ಚಿ ಬರ್ತಿತ್ತು. ಆರಾಮಾಗಿ ಆರಿಸ್ತಾ ಕೂತ್ರು. ಅರ್ಧ ಗಂಟೆ ಬಿಟ್ಟು ನೋಡಿದ್ರೆ ಬಲಗಡೆ ಅಡಕೆ ಚೊಕ್ಕ ವಿಂಗಡಣೆ ಆಗಿದೆ, ಎಡಗಡೆ ಅರ್ಧ ರಾಶಿ ಮುಟ್ಟೇ ಇಲ್ಲ, ಹಂಗೇ ಇದೆ, ಇವರು ಕೈ ಒರೆಸ್ಕೊಂಡು "ಮುಗತ್ತು" ಅಂತ ಎದ್ರು. ಎಡಗಡೆ ಉಳೀತಲ್ಲ ಅಂದ್ರೆ, "ಯಂಗೆ ಎಂತೂ ಆಜಿಲ್ಲೆ ಕೂಸೇ, ನೀ ಸುಮ್ನಿರು" (ನಂಗೆ ಎಂತದೂ ಆಗ್ಲಿಲ್ಲ ಅಂತ). ಕಣ್ಣಿನ ದೋಷ ಅಲ್ಲ ಇದು, ಮಿದುಳು ಎಡಭಾಗವನ್ನ ಲೆಕ್ಕಕ್ಕೇ ತಗೊಳ್ಳೂದಿಲ್ಲ, ಡಾಕ್ಟ್ರು ನೆಗ್ಲೆಕ್ಟ್ ಅಂತಾರೆ. ಬಲಗಡೆ ಪೆಟ್ಟಾದವರಲ್ಲಿ ನೆಗ್ಲೆಕ್ಟ್ ಜೊತೆಗೇ ತನಗೆ ತೊಂದರೆ ಇದೆ ಅನ್ನೂದೇ ಗೊತ್ತಾಗದ ಸ್ಥಿತಿಯೂ ಬಹಳ ಸಲ ಬರ್ತದೆ. ಇದು ಹಠ ಅಲ್ಲ, ಸುಳ್ಳೂ ಅಲ್ಲ. ಇದನ್ನ ಅರ್ಥ ಮಾಡ್ಕೊಳ್ಳೋಕೆ ನಮ್ಮನೇಲಿ ಮೂರು ತಿಂಗಳು ಜಗಳ ಆಯ್ತು.

ಈ ಅರಿವು ಇಲ್ದಿದ್ದವರಿಗೆ ಮನೇಲಿ ನೀವೇ ಮಾಡ್ಕೊಳ್ಳಿ ಅಂತ ಹಾಳೆ ಕೊಟ್ಟು ಕಳ್ಸಿದ್ರೆ ಆಗೂದಿಲ್ಲ, ಆ್ಯಪ್ ಅಂತೂ ಪೂರ್ತಿ ದಂಡ, ತೊಂದರೆ ಇಲ್ಲ ಅನ್ನೋರು ಎಂತಕ್ಕೆ ಅಭ್ಯಾಸ ಮಾಡ್ತಾರೆ? ಅವರಿಗೆ ಮೊದಲು ಬೇಕಿರೂದು ಎದುರಿಗೆ ಕೂತು ತಾಳ್ಮೆಯಿಂದ ಕೆಲಸ ಮಾಡ್ಸಿ, ಮುಂಚೆ ಎಷ್ಟಾಗ್ತದೆ ಅಂತ ಅವರ ಬಾಯಲ್ಲೇ ಹೇಳ್ಸಿ, ಆಮೇಲೆ ಎಷ್ಟಾಯ್ತು ಅಂತ ಅವರಿಗೇ ತೋರಿಸೋ ಥೆರಪಿಸ್ಟ್. ನಮ್ಮ ಥೆರಪಿಸ್ಟ್ ಮಾಡಿದ್ದು ಸಣ್ಣ ಉಪಾಯ, ಗೋಣಿಯ ಎಡ ಅಂಚಿಗೆ ಕೆಂಪು ರಿಬ್ಬನ್ ಹೊಲ್ಸಿ, ಪ್ರತೀ ಸಲ ಕೆಂಪು ಕಾಣೋ ತನಕ ತಲೆ ತಿರುಗಿಸ್ಬೇಕು ಅಂತ ಅಭ್ಯಾಸ. ಊಟದ ಬಾಳೆಗೂ ಅದೇ, ಪೇಪರ್ ಓದೋಕೂ ಅದೇ. ನೆಗ್ಲೆಕ್ಟಿಗೆ ಹೀಗೆ ನೋಟ ಹಾಯಿಸೋ ತರಬೇತಿ ಕೊಡಿ ಅಂತ ತಜ್ಞರ ಶಿಫಾರಸುಗಳಲ್ಲೂ ಇದೆ, ಆದ್ರೆ ಅಧ್ಯಯನಗಳ ಆಧಾರ ಪೂರ್ತಿ ಗಟ್ಟಿ ಅಂತ ಹೇಳೋಕೆ ಬರೂದಿಲ್ಲ.

ಅಂದಹಾಗೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ಕ್ಲಿನಿಕಲ್ ಸೈಕಾಲಜಿಯವರು ಬೆಳೆಸಿದ ಮರುತರಬೇತೀಲಿ ಕಾಳು ಬೇರೆ ಬೇರೆ ಮಾಡೂದು ಅಂತ ಒಂದು ಕೆಲಸ ಇದೆ, ಹಾಳೆ ತುಂಬಾ ಅಕ್ಷರ ಇದ್ದಲ್ಲಿ ಹೇಳಿದ ಅಕ್ಷರ ಮಾತ್ರ ಹೊಡೆಯೂದು ಅಂತ ಇನ್ನೊಂದು. ಕಂಪ್ಯೂಟರ್ ಬೇಡ ಎಂತ ಬೇಡ. ಅದನ್ನ ಓದಿದಾಗ ನಂಗೆ ನಗು ಬಂತು, ಅಡಕೆ ಊರಲ್ಲಿ ಅಷ್ಟೂ ಜನ ದಿನಾ ಇದನ್ನೇ ಮಾಡ್ತಾ ಕೂತಿರ್ತಾರಲ್ಲ! ಅವರು ಇಂಥದ್ದನ್ನ ಮೊದಲ ಸಲ ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ ದನಿ ಕೇಳೂದು ಇಂಥದ್ದೆಲ್ಲ ಆಗೋ ಮಾನಸಿಕ ಕಾಯಿಲೆ) ಬಂದ ರೋಗಿಗಳಿಗೆ ಮನೇಲೇ ಎರಡು ತಿಂಗಳು ಮಾಡ್ಸಿ ನೋಡಿ 2012ರಲ್ಲಿ ಪ್ರಕಟ ಮಾಡಿದಾರೆ.

ಆಸ್ಪತ್ರೇಲಿ ಇರೂದು ಮತ್ತು ಮನೇಲಿರೂದು

ಇದರ ಬಗ್ಗೆ ನಂಗೆ ಸಿಕ್ಕ ಅತಿ ಉಪಯೋಗದ ಲೆಕ್ಕ ಅಂದ್ರೆ ಅಮೇರಿಕದ ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಯದ್ದು, 2000ನೇ ಇಸವೀಲಿ ಬಂದಿದ್ದು. ತಲೆಗೆ ಪೆಟ್ಟು ಬಿದ್ದ 120 ಸೈನಿಕರು. 67 ಜನರನ್ನ 8 ವಾರ ಆಸ್ಪತ್ರೇಲೇ ಇಟ್ಕೊಂಡು ಪೂರ್ತಿ ತರಬೇತಿ ಕೊಟ್ರು, ಉಳಿದ 53 ಜನಕ್ಕೆ ಹೇಳಿಕೊಟ್ಟು ಮನೆಗೆ ಕಳ್ಸಿ ವಾರಕ್ಕೊಂದು ಸಲ ಅರ್ಧ ಗಂಟೆ ನರ್ಸ್ ಫೋನ್ ಮಾಡಿ ವಿಚಾರಿಸ್ಕೊಂಡ್ರು. ಒಂದು ವರ್ಷದ ಮೇಲೆ ನೋಡಿದ್ರೆ ಕೆಲಸಕ್ಕೆ ವಾಪಸ್ ಹೋದವರು ಆಸ್ಪತ್ರೆ ಗುಂಪಲ್ಲಿ 90%, ಮನೆ ಗುಂಪಲ್ಲಿ 94%. ಅಂದ್ರೆ ವ್ಯತ್ಯಾಸ ಇಲ್ಲ ಅಂತಲೇ ಲೆಕ್ಕ. ಆದ್ರೆ ಪೆಟ್ಟಾದಾಗ ಒಂದು ಗಂಟೆಗಿಂತ ಹೆಚ್ಚು ಹೊತ್ತು ಎಚ್ಚರ ತಪ್ಪಿದವರನ್ನ ಮಾತ್ರ ಬೇರೆ ಮಾಡಿ ನೋಡಿದಾಗ ಸೇನೆ ಕೆಲಸಕ್ಕೆ ಫಿಟ್ ಆದವರು ಆಸ್ಪತ್ರೆ ಕಡೆ 80%, ಮನೆ ಕಡೆ 58%. ಇವರು ಹರೆಯದ ಸೈನಿಕರು, ಎಪ್ಪತ್ತರ ಅಜ್ಜಂದಿರಲ್ಲ, ಮತ್ತೆ ಆ ಎರಡನೇ ಲೆಕ್ಕ ಆಮೇಲೆ ಬಗೆದು ತೆಗೆದದ್ದು, ಹಂಗಾಗಿ ಕಲ್ಲಲ್ಲಿ ಕೆತ್ತಿದ ಮಾತಲ್ಲ. ಆದ್ರೂ ದಿಕ್ಕು ಗೊತ್ತಾಗ್ತದೆ: ಪೆಟ್ಟು ದೊಡ್ಡದಿದ್ರೆ ಆಸ್ಪತ್ರೇಲಿ ಇರೂದಕ್ಕೆ ಬೆಲೆ ಇದೆ, ಸಾಧಾರಣ ಇದ್ರೆ ಮನೆ ಮತ್ತು ಒಂದು ಫೋನೇ ಸಾಕಾಗ್ಬಹುದು.

ಕಾರವಾರದಲ್ಲಿ ನಮ್ಮ ಪರಿಚಯದವರ ಹುಡುಗ, ಹೆದ್ದಾರೀಲಿ ಹೆಲ್ಮೆಟ್ ಇಲ್ದೆ ಬಿದ್ದು ಎರಡು ದಿನ ಎಚ್ಚರ ಇರ್ಲಿಲ್ಲ, ಎಚ್ಚರ ಆದ್ಮೇಲೂ ಎರಡು ವಾರ ಇವತ್ತು ಯಾವ ದಿನ, ಬೆಳಿಗ್ಗೆ ಯಾರು ಬಂದಿದ್ರು ಎಂತದೂ ದಾಖಲಾಗ್ತಿರ್ಲಿಲ್ಲ. ಈ ಎರಡನೇ ಅವಧಿ ಎಷ್ಟು ದಿನ ಇತ್ತು ಅಂತ ಬರೆದಿಟ್ಕೊಳ್ಳಿ, ಡಾಕ್ಟ್ರು ಮುಂದೆ ಹೆಂಗಾಗ್ಬಹುದು ಅಂತ ಅಂದಾಜು ಮಾಡೋಕೆ ಅದನ್ನ ಕೇಳಿಯೇ ಕೇಳ್ತಾರೆ, ಉದ್ದ ಆದಷ್ಟೂ ಚೇತರಿಕೆ ಕಷ್ಟ. ಅವರಿಗೆ ನಾನು ಅಡ್ಮಿಟ್ ಆಗೋ ಕಡೆಗೇ ಹೋಗಿ ಅಂದೆ. ಎಲ್ಲಿಗೆ ಅನ್ನೂದ್ರಲ್ಲಿ ಅವರು ಗೋವಾ ಆರಿಸ್ಕೊಂಡ್ರು, ನಾನು ಮಣಿಪಾಲ ಅಂದುಕೊಂಡಿದ್ದೆ, ಆದ್ರೆ ಅವರದ್ದೇ ಸರಿ ಇತ್ತು: ಹುಡುಗನ ಮನೆಮಾತು ಕೊಂಕಣಿ, ಗೋವಾದಲ್ಲಿ ನರ್ಸಿಂದ ಹಿಡ್ದು ಥೆರಪಿಸ್ಟ್ ತನಕ ಕೊಂಕಣೀಲೇ ಮಾತಾಡ್ಸಿದ್ರು. ನೆನಪಿನ ತರಬೇತಿ ಅಂದ್ರೆ ಪೂರ್ತಿ ಮಾತಲ್ಲೇ ನಡೆಯೋ ಕೆಲಸ, ಅರ್ಧ ಅರ್ಥ ಆಗೋ ಭಾಷೇಲಿ ಅದನ್ನ ಮಾಡೂದು ಅಂದ್ರೆ ಎರಡೆರಡು ಹೊರೆ. ಪರೀಕ್ಷೆಗೂ ಹಾಗೇ, ನಿಮ್ಹಾನ್ಸ್ ಕಡೆ ಕನ್ನಡದ್ದೇ ಪರೀಕ್ಷೆಗಳಿವೆ, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾಡ್ಸಿದ ಪರೀಕ್ಷೆಗಳ ಗುಚ್ಛದಲ್ಲೂ ಕನ್ನಡ ಇದೆ, ಇಂಗ್ಲಿಷ್ ಪ್ರಶ್ನೆ ಅಲ್ಲೇ ತರ್ಜುಮೆ ಮಾಡಿ ಕೇಳಿ ಮಾರ್ಕ್ ಹಾಕಿದ್ರೆ ಒಪ್ಪಬೇಡಿ.

ಭಾಷೆ ಮಾತು ಬಂತು ಹೇಳಿ ಇನ್ನೊಂದು. ಹೈದರಾಬಾದಲ್ಲಿ ಸ್ಟ್ರೋಕ್ ಆದ 608 ಜನರನ್ನ ನೋಡಿದಾಗ ಎರಡು ಭಾಷೆ ಬರೋರಲ್ಲಿ 40.5% ಜನರ ಬುದ್ಧಿಶಕ್ತಿ ಮಾಮೂಲಿ ಇತ್ತು, ಒಂದೇ ಭಾಷೆಯವರಲ್ಲಿ 19.6% (2016ರ ವರದಿ). ಕರಾವಳಿ ಜನ ಮನೇಲಿ ಕೊಂಕಣಿ, ಪೇಟೇಲಿ ಕನ್ನಡ, ಮೀನು ವ್ಯಾಪಾರಕ್ಕೆ ಮರಾಠಿ ಅಂತ ಬದುಕೋರು, ಖುಷಿ ಪಡ್ಬಹುದು. ಆದ್ರೆ ಇದು ಸ್ಟ್ರೋಕಿನ ಪೆಟ್ಟು ತಡ್ಕೊಳ್ಳೋ ಮಾತು, ಥೆರಪಿ ಯಾರಿಗೆ ಹೆಚ್ಚು ನಾಟ್ತದೆ ಅನ್ನೂದು ಬೇರೆ. ಎರಡನ್ನೂ ಜನ ಕಲಸಿ ಹೇಳ್ತಾರೆ.

ಓದಿದವರಿಗೇ ಹೆಚ್ಚು ಉಪಯೋಗವಾ?

"ನಮ್ಮ ಆಯಿ ನಾಲ್ಕನೇ ಕ್ಲಾಸು, ಅವರಿಗೆ ಇದೆಲ್ಲ ಎಲ್ಲಿ ಆಗ್ತದೆ" ಅಂತ ಒಬ್ರು ಫೋನಲ್ಲೇ ಕೈಬಿಟ್ರು. ಬೇಡ ಮಾರಾಯ್ರೇ. ಸ್ಕಿಜೋಫ್ರೇನಿಯಾ ರೋಗಿಗಳಿಗೆ ಮಾಡಿದ 130 ಅಧ್ಯಯನ, 8,851 ಜನರ ಲೆಕ್ಕ ಒಟ್ಟು ಹಾಕಿ 2021ರಲ್ಲಿ ನೋಡಿದಾಗ ಕಡಿಮೆ ಓದಿದವರಿಗೆ, ಮೊದಲೇ ಐಕ್ಯೂ ಕಡಿಮೆ ಇದ್ದವರಿಗೆ, ಕಾಯಿಲೆ ಲಕ್ಷಣ ಜಾಸ್ತಿ ಇದ್ದವರಿಗೇ ಹೆಚ್ಚು ಉಪಯೋಗ ಆಗಿತ್ತು. ಅದೇ ಲೆಕ್ಕದಲ್ಲಿ ಇನ್ನೂ ಮುಖ್ಯ ಮಾತು: ಥೆರಪಿಸ್ಟ್ ಜೊತೆಗೆ ಕೂತು ನಡೆಸಿದಲ್ಲಿ, ಬರೀ ಅಭ್ಯಾಸ ಅಲ್ದೆ ಹೀಗೆ ಮಾಡಿದ್ರೆ ಸುಲಭ ಅಂತ ಉಪಾಯ ಕಲಿಸಿದಲ್ಲಿ, ಕೆಲಸ-ಜೀವನದ ತರಬೇತಿಗೆ ಸೇರಿಸಿದಲ್ಲಿ ಫಲಿತಾಂಶ ಜಾಸ್ತಿ. ಸ್ಟ್ರೋಕಿಗೂ ಇದೇ ಅಂತ ಕಣ್ಮುಚ್ಚಿ ಹೇಳೋಕೆ ಬರೂದಿಲ್ಲ, ಕಾಯಿಲೆ ಬೇರೆ. ಆದ್ರೆ ಓದು ಇಲ್ಲ ಅನ್ನೋ ಒಂದೇ ಕಾರಣಕ್ಕೆ ಬಾಗಿಲು ಹಾಕ್ಬೇಡಿ.

ಆ್ಯಪಿನ ಕಥೆ ನಾನೇ ಅನುಭವಿಸಿದ್ದು. ವರ್ಷದ ಚಂದಾ ಕಟ್ಟಿ, ಟ್ಯಾಬ್ ತಂದುಕೊಟ್ಟು, ಮಾವ ದಿನಾ ಒಂದು ಗಂಟೆ ಆಡಿದ್ರು, ಎರಡು ತಿಂಗಳಲ್ಲಿ ಸ್ಕೋರ್ ಎಲ್ಲಿಂದ ಎಲ್ಲಿಗೋ ಹೋಯ್ತು, ನಾವು ಮೈದುನನಿಗೆ ಸ್ಕ್ರೀನ್‌ಶಾಟ್ ಕಳ್ಸಿದ್ದೇ ಕಳ್ಸಿದ್ದು. ಅದೇ ವಾರ ತೋಟಕ್ಕೆ ಹೋಗಿ ಮೋಟರ್ ಹಾಕಿ ಬಂದವರು ಮರ್ತೇಬಿಟ್ರು, ರಾತ್ರಿ ಹತ್ತು ಗಂಟೆ ತನಕ ನೀರು ಹರಿದು ಕೆಳಗಿನವರ ಗದ್ದೆ ತುಂಬಿತ್ತು. ಆಟದಲ್ಲಿ ಕಲ್ತಿದ್ದು ಆಟದಲ್ಲೇ ಉಳೀತದೆ. 2010ರಲ್ಲಿ 11,430 ಜನರಿಗೆ ಆರು ವಾರ ಕಂಪ್ಯೂಟರ್ ತರಬೇತಿ ಕೊಟ್ಟು ನೋಡಿದ ಅಧ್ಯಯನದಲ್ಲೂ ಆಡಿದ ಆಟದಲ್ಲಿ ಮಾತ್ರ ಚುರುಕಾದ್ರು, ಬೇರೆ ಪರೀಕ್ಷೇಲಿ ಇಲ್ಲ. ಅಮೇರಿಕದ ಎಫ್‌ಟಿಸಿ (ಗ್ರಾಹಕರ ಹಿತ ಕಾಯೋ ಸರ್ಕಾರಿ ಸಂಸ್ಥೆ) 2016ರಲ್ಲಿ ಲ್ಯುಮೋಸಿಟಿ ಅನ್ನೋ ಮಿದುಳಿನ ಆಟದ ಆ್ಯಪಿನವರ ಜಾಹೀರಾತಿನ ಹೇಳಿಕೆಗಳಿಗೆ ಆಧಾರ ಸಾಲದು ಅಂದಿದ್ದಕ್ಕೆ ಅವರು 20 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡ್ಕೊಂಡ್ರು. ಆ್ಯಪ್ ಪೂರ್ತಿ ವೇಸ್ಟ್ ಅಂತಲ್ಲ, ಥೆರಪಿಸ್ಟೇ ಕೊಟ್ಟು, ಅವರೇ ನೋಡ್ತಾ ಇದ್ರೆ ಗಮನದ ಅಭ್ಯಾಸಕ್ಕೆ ಒಂದು ಸಾಧನ. ಒಂಟಿಯಾಗಿ ಬೇಡ.

ನೆನಪು ಎಷ್ಟು ಹೋಗಿದೆ ಅನ್ನೂದ್ರ ಮೇಲೆ ದಾರಿಯೇ ಬೇರೆ

ಸ್ವಲ್ಪ ಮರೆವು ಅಂದ್ರೆ ಮನಸ್ಸಲ್ಲೇ ಚಿತ್ರ ಕಟ್ಟೂದು, ಗುಂಪು ಮಾಡಿ ನೆನಪಿಡೂದು ಅಂತೆಲ್ಲ ಕಲಿಸ್ತಾರೆ, ಜೊತೆಗೆ ಡೈರಿ. ತೀರಾ ಹೋಗಿದ್ರೆ ಆ ಉಪಾಯ ಎಲ್ಲ ದಂಡ, ಯಾಕಂದ್ರೆ ಉಪಾಯವನ್ನೇ ಮರೀತಾರೆ. ಅವರಿಗೆ ಹೊರಗಿನ ಸಾಧನ ಬೇಕು: ಬೋರ್ಡು, ಅಲಾರಂ, ಮಾತ್ರೆ ಡಬ್ಬಿ. ಇಂಗ್ಲೆಂಡಲ್ಲಿ ಪೇಜರ್ ಕಾಲದಲ್ಲೇ 143 ಜನಕ್ಕೆ ಪೇಜರಿಂದ ನೆನಪು ಮಾಡ್ಸಿ ನೋಡಿದ್ರು, 2001ರಲ್ಲಿ ಬಂತು, ಪೂರ್ತಿ ಮುಗಿಸಿದವರಲ್ಲಿ 80%ಗಿಂತ ಹೆಚ್ಚು ಜನ ದಿನದ ಕೆಲಸ ನೆನಪಿಟ್ಟು ಮಾಡೂದ್ರಲ್ಲಿ ಸುಧಾರಿಸಿದ್ರು. ಈಗ ಎಲ್ಲರ ಜೇಬಲ್ಲೂ ಮೊಬೈಲ್ ಇದೆ, ಅಲಾರಮಿಗೆ ಖರ್ಚಿಲ್ಲ. ಕಾರವಾರದ ಹುಡುಗನಿಗೆ ಕೊನೆಗೆ ಕೈಹಿಡಿದದ್ದು ಇದೇ, ಅವನ ಅಕ್ಕ ತನ್ನ ದನೀಲಿ ಕೊಂಕಣೀಲಿ ರೆಕಾರ್ಡ್ ಮಾಡಿಟ್ಟ ಅಲಾರಂ.

ಇಲ್ಲಿ ನಮ್ಮ ಜನರ ಒಂದು ಚಾಳಿ ಬಗ್ಗೆ ಹೇಳ್ಲೇಬೇಕು. ನೋಡೋಕೆ ಬಂದವರೆಲ್ಲ ಕವಳದ ಬಟ್ಲು ಎದುರಿಗೆ ಎಳ್ಕೊಂಡು ಮೊದಲು ಕೇಳೂದು, "ಆನು ಯಾರು ಹೇಳಿ ಗೊತ್ತಾತ?" ಮಾವ ಸುಮ್ನೆ ಒಂದು ಹೆಸರು ಹೇಳೂದು, ತಪ್ಪು, ಎಲ್ರೂ ನಗೂದು, ಮತ್ತೊಂದು ಹೆಸರು, ಮತ್ತೆ ತಪ್ಪು. ನೆನಪು ಜಾಸ್ತಿ ಹೋದವರಿಗೆ ಹೀಗೆ ಊಹೆ ಮಾಡ್ಸಿದ್ರೆ ತಪ್ಪು ಹೆಸರೇ ಅಂಟ್ಕೊಳ್ತದೆ, ತಪ್ಪು ಮಾಡಿದ್ದು ನೆನಪಿರೂದಿಲ್ಲ, ಬಾಯಿಗೆ ಬಂದ ಹೆಸರು ಮಾತ್ರ ಉಳೀತದೆ. ಸರಿ ಉತ್ತರ ಮೊದಲೇ ಹೇಳಿ, ಅವರಿಂದ ಹೇಳ್ಸಿ, ಒಂದು ನಿಮಿಷ ಬಿಟ್ಟು, ಎರಡು ನಿಮಿಷ ಬಿಟ್ಟು, ನಾಲ್ಕು ನಿಮಿಷ ಬಿಟ್ಟು ಮತ್ತೆ ಹೇಳ್ಸೂದು, ಇದು ವಿಧಾನ. ನಾನಂತೂ ಹೆಬ್ಬಾಗಿಲಲ್ಲೇ ಬಂದವರಿಗೆ ಹೇಳ್ತಿದ್ದೆ, ಒಳಗೆ ಹೋಗಿ ಮೊದಲು ನಿಮ್ಮ ಹೆಸರು ಊರು ಹೇಳಿ, ಪರೀಕ್ಷೆ ಮಾಡ್ಬೇಡಿ ಅಂತ. ಒಂದಿಬ್ರಿಗೆ ಸಿಟ್ಟೂ ಬಂತು.

ಅಲ್ಜೈಮರ್ ತರದ ಡಿಮೆನ್ಷಿಯಾ ಇದ್ರೆ ಲೆಕ್ಕ ಮತ್ತೆ ಬೇರೆ. ಅಲ್ಲಿ ಕಳೆದದ್ದು ವಾಪಸ್ ತರಿಸೋ ಆಸೆ ಇಟ್ಕೊಳ್ಳೂದಲ್ಲ. ಬ್ರಿಟನ್ನಲ್ಲಿ ಆರಂಭದ ಹಂತದ 475 ಜನರನ್ನ ತಗೊಂಡು ಮಾಡಿದ, 2019ರಲ್ಲಿ ಬಂದ ಅಧ್ಯಯನದಲ್ಲಿ ಅವರವರಿಗೆ ಬೇಕಾದ ಒಂದೆರಡು ಗುರಿ ಇಟ್ಕೊಂಡು ಥೆರಪಿಸ್ಟ್ ಮೂರು ತಿಂಗಳಲ್ಲಿ ಮನೆಗೇ 10 ಸಲ ಬಂದು, ಆಮೇಲೆ ಇನ್ನೂ 4 ಸಲ ಬಂದು ಕಲಿಸಿದ್ರು, ಆ ಗುರಿಗಳಲ್ಲಿ ಸುಧಾರಣೆ ಆಯ್ತು. ಹಂಗಾಗಿ ಅಂಥವರನ್ನ ಘಟ್ಟ ಇಳಿಸಿ ಹತ್ತಿಸಿ ಅಡ್ಮಿಟ್ ಮಾಡೂದಕ್ಕಿಂತ ಮನೇಲೇ, ಅದೇ ಅಡುಗೆಮನೆ ಅದೇ ಬಚ್ಚಲುಮನೇಲಿ ಕಲಿಸೂದು ಮೇಲು ಅಂತ ನನ್ನ ಅಭಿಪ್ರಾಯ.

ಶುರು ಮಾಡೋಕೆ ಮುಂಚೆ ಸರಿ ಮಾಡ್ಕೊಳ್ಬೇಕಾದ್ದು

ಇದನ್ನ ಯಾರೂ ಹೇಳೂದಿಲ್ಲ. ಕಿವಿ ಕೇಳ್ತದಾ, ಕನ್ನಡಕದ ನಂಬರ್ ಸರಿ ಇದೆಯಾ, ರಾತ್ರಿ ಗೊರಕೆ ಹೊಡೆದು ಉಸಿರು ಕಟ್ತದಾ, ಬಿ12 ಮತ್ತು ಥೈರಾಯ್ಡ್ ನೋಡ್ಸಿದಾರಾ (ನಮ್ಮಂಥ ತರಕಾರಿ ಊಟದ ಮನೆಗಳಲ್ಲಿ ಬಿ12 ಕಡಿಮೆ ಇರೂದು ಸಾಮಾನ್ಯ). ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ರಿಗೆ ಖಿನ್ನತೆ ಬರ್ತದೆ, ಅದಕ್ಕೆ ಮದ್ದು ಮಾಡದೆ ಗಮನದ ಅಭ್ಯಾಸ ಮಾಡ್ಸಿದ್ರೆ ಒಲೆ ಹೊತ್ಸದೆ ಅನ್ನಕ್ಕಿಟ್ಟ ಹಾಗೆ. ಇನ್ನೊಂದು ಮಾತ್ರೆ ವಿಷಯ: ಕೈನಡುಕಕ್ಕೆ ಕೊಡೋ ಟ್ರೈಹೆಕ್ಸಿಫೆನಿಡಿಲ್, ನಿದ್ದೆಗೆ ನೋವಿಗೆ ಕೊಡೋ ಅಮಿಟ್ರಿಪ್ಟಿಲಿನ್, ಮೂತ್ರ ಹಿಡಿಯೋಕೆ ಕೊಡೋ ಆಕ್ಸಿಬ್ಯುಟಿನಿನ್, ನೆಗಡಿಗೆ ತಗೊಳ್ಳೋ ಹಳೇ ಅಲರ್ಜಿ ಮಾತ್ರೆ, ಇವೆಲ್ಲ ಒಟ್ಟು ಸೇರಿದ್ರೆ ನೆನಪಿಗೆ ಅಡ್ಡ. ಸ್ಕಿಜೋಫ್ರೇನಿಯಾ ರೋಗಿಗಳಲ್ಲಿ ಇಂಥ ಮದ್ದಿನ ಹೊರೆ ಹೆಚ್ಚಿದ್ದವರಿಗೆ ತರಬೇತಿಯಿಂದ ಉಪಯೋಗ ಕಡಿಮೆ ಆಗಿದ್ದು 2009ರಲ್ಲೇ ಕಂಡಿದೆ. ನೀವೇ ನಿಲ್ಲಿಸ್ಬೇಡಿ, ಎಲ್ಲ ಚೀಟಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕ್ಕೊಂಡು ಹೋಗಿ ಡಾಕ್ಟ್ರ ಎದುರು ಸುರೀರಿ, ಯಾವ್ದು ಬೇಡ ನೋಡಿ ಅಂತ.

ಹಾಗಾದ್ರೆ ಓಡಾಟ?

ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರ್ ಹತ್ರ. ನಾವು ಮೊದಲ ಎರಡು ತಿಂಗಳು ವಾರವಾರ ಹೋದ್ವಿ, ಬೆಳಿಗ್ಗೆ ಐದಕ್ಕೆ ಎದ್ದು ಕಷಾಯ ಕುಡ್ದು ಹೊರಟ್ರೆ ಅಲ್ಲಿ ಸಾಲಲ್ಲಿ ಕೂತು ಪಾಳಿ ಬರೋ ಹೊತ್ತಿಗೆ ಮಾವ ತೂಕಡಿಸ್ತಾ ಇರ್ತಿದ್ರು, ನಲವತ್ತೈದು ನಿಮಿಷದ ಸೆಷನಲ್ಲಿ ಎಚ್ಚರ ಇದ್ದದ್ದು ಹತ್ತು ನಿಮಿಷ. ಅಲ್ಲಿ ಪ್ರತೀ ಸಲ ಬೇರೆ ಬೇರೆ ಟ್ರೇನಿಗಳು, ಹಿಂದಿನ ಸಲ ಎಲ್ಲಿಗೆ ನಿಲ್ಲಿಸಿದ್ದು ಅಂತ ನಾನೇ ಹೇಳ್ಬೇಕಿತ್ತು. ಆಯಾಸ ಆದ ಮಿದುಳು ಕಲಿಯೂದಿಲ್ಲ, ಅದು ನಂಗೆ ಆ ಕುರ್ಚಿ ಪಕ್ಕ ಕೂತು ಗೊತ್ತಾದ್ದು. ಆಮೇಲೆ ಬದಲಾಯಿಸಿದ್ವಿ: ಬೇರೆ ಕಡೆ ಒಬ್ರೇ ಥೆರಪಿಸ್ಟ್, ತಿಂಗಳಿಗೊಂದು ಸಲ ಖುದ್ದು, ನಡುವೆ ವಾರಕ್ಕೊಂದು ಫೋನ್, ಮನೇಲಿ ದಿನಾ ಬೆಳಿಗ್ಗೆ ಅರ್ಧ ಗಂಟೆ ಅಡಕೆ ಅಥವಾ ಹಾಳೆ. ಫಲ ಬಂದದ್ದು ಇದರಲ್ಲೇ.

ಇದು ನಡೆದದ್ದು ಮನೇಲಿ ನಾನಿದ್ದೆ ಅನ್ನೋ ಕಾರಣಕ್ಕೆ. ಮಕ್ಕಳೆಲ್ಲ ಬೆಂಗಳೂರು, ಮನೇಲಿ ಇಬ್ರು ಮುದುಕರು ಮಾತ್ರ ಅಂತಾದ್ರೆ ಮನೆ ಕಾರ್ಯಕ್ರಮ ಹಾಳೇಲೇ ಉಳೀತದೆ, ಅಂಥವರು ಆರೇಳು ವಾರ ಅಡ್ಮಿಟ್ ಆಗಿ ಒಂದೇ ಸಲ ಗಟ್ಟಿಯಾಗಿ ಮಾಡ್ಸಿ ಬರೂದು ವಾಸಿ, ಧಾರವಾಡದ ಡಿಮ್ಹಾನ್ಸ್ (ಅಲ್ಲಿನ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ), ಬೆಂಗಳೂರಿನ ನಿಮ್ಹಾನ್ಸ್ ಎರಡೂ ಕಡೆ ಮೊದಲೇ ವಿಚಾರಿಸಿ. ವೀಡಿಯೊ ಸೆಷನ್ ಬಗ್ಗೆ ಕೇಳೋರಿಗೆ: ಕುಮಟಾ ಹೊನ್ನಾವರ ಪೇಟೇಲಿದ್ರೆ ಸರಿ, ಘಟ್ಟದ ಮೇಲಿನ ಹಳ್ಳೀಲಿ ಕರೆಂಟ್ ಹೋದ್ರೆ ಟವರೂ ಹೋಗ್ತದೆ, ಸಾದಾ ಫೋನ್ ಕರೆ ಅಂತ ಮಾತಾಡ್ಕೊಳ್ಳಿ. ಮಾತೇ ಬಿದ್ದು ಹೋಗಿದ್ರೆ ಮೊದಲು ಸ್ಪೀಚ್ ಥೆರಪಿ.

ಯಾವ ಕ್ಲಿನಿಕಲ್ ಸೈಕಾಲಜಿಸ್ಟ್, ಸ್ಪೀಚ್ ಥೆರಪಿಸ್ಟ್ ಹತ್ರ ಹೋದ್ರೂ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಕೇಳಿ, ಬೇಜಾರಾಗೋರು ಆಗ್ಲಿ. ಮೊದಲ ದಿನವೇ ಗುರಿ ಕೇಳಿ. "ನೆನಪು ಸುಧಾರಿಸ್ತದೆ" ಅನ್ನೂದು ಗುರಿ ಅಲ್ಲ, "ಎಂಟು ವಾರದಲ್ಲಿ ಯಾರೂ ನೆನಪು ಮಾಡದೆ ಬಿಪಿ ಮಾತ್ರೆ ತಗೊಳ್ತಾರೆ" ಅನ್ನೂದು ಗುರಿ. ಎಂಟು ವಾರಕ್ಕೆ ಅದು ಒಂದಿಷ್ಟೂ ಅಲುಗಾಡದಿದ್ರೆ ವಿಧಾನ ಬದಲಿಸಿ ಅಂತ ಧೈರ್ಯವಾಗಿ ಹೇಳಿ.

ಮಳೆಗಾಲದ ಲೆಕ್ಕವನ್ನ ಮಾತ್ರ ಮರೀಬೇಡಿ. 2024ರ ಜುಲೈ 16ಕ್ಕೆ ಅಂಕೋಲಾ ಹತ್ರದ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾದಾಗ ಮಣಿಪಾಲದ ಕಡೆ ಅಪಾಯಿಂಟ್‌ಮೆಂಟ್ ಇದ್ದ ಅಂಕೋಲಾದವರೊಬ್ರ ತರಬೇತಿ ಅಲ್ಲಿಗೇ ತುಂಡಾಯ್ತು, ಮತ್ತೆ ಶುರು ಆಗಿದ್ದು ದೀಪಾವಳಿ ಹತ್ರ. ನಾವೀಗ ಮೇ ಕೊನೇಲೇ ಹೋಗಿ ನಾಲ್ಕು ತಿಂಗಳ ಹಾಳೆ ಒಟ್ಟಿಗೆ ಇಸ್ಕೊಂಡು, ಲ್ಯಾಮಿನೇಶನ್ ಮಾಡ್ಸಿ ತಂದಿಡ್ತೇವೆ, ಇಲ್ದಿದ್ರೆ ಜುಲೈ ಹೊತ್ತಿಗೆ ಬೂಷ್ಟು ಹಿಡೀತದೆ. ಅಡಕೆ ಮಳೆಗಾಲಕ್ಕೆ ಆಗೂದಿಲ್ಲ, ಹಲಸಿನ ಬೇಳೆ, ಹೆಸರುಕಾಳು, ಕಡಲೆ ಒಟ್ಟಿಗೆ ಕಲಸಿ ಮೊರದಲ್ಲಿ ಹಾಕಿ ಕೊಡ್ತೆ, ಮೊರದ ಎಡ ಅಂಚಿಗೂ ಕೆಂಪು ರಿಬ್ಬನ್ ಕಟ್ಟಿದೆ.